ನನ್ನ ಅಗ್ಗದ ಫೋನು, ಅತ್ತಿಗೆಯ ಮಿಡಿಮರ

ಮೊನ್ನೆ ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಹುಲೇಕಲ್ ಕಡೆಯ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ನನ್ನ ಕೈಯ ಫೋನನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು, ಆಮೇಲೆ ಬಹಳ ಮೆತ್ತಗೆ, "ಆಂಟಿ, ಈಗ ಎಕ್ಸ್‌ಚೇಂಜ್ ಆಫರ್ ನಡೀತಾ ಇದೆ" ಎಂದಳು. ಸತ್ತವರ ಮನೆಗೆ ಹೋದವರು ಮಾತಾಡುವ ದನಿ ಅದು. ನನಗೆ ಸಿಟ್ಟು ಬಂತು. "ಇರಲಿ ಮಗಾ, ಇದು ಇನ್ನೂ ಗಟ್ಟಿ ಇದೆ" ಎಂದು ಫೋನನ್ನು ಸೆರಗಿನೊಳಗೆ ಎಳೆದುಕೊಂಡೆ.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಾಜು ನಡುವಿನಿಂದ ಮೂಲೆಯವರೆಗೆ ಸೀಳಿದೆ. ಮುಂಚೆ ಬಿಳಿಯಾಗಿದ್ದ ಕವರು ಈಗ ಅರಿಸಿನದ ನೀರಲ್ಲಿ ಅದ್ದಿ ತೆಗೆದಂತಿದೆ. ಆದರೆ ಅವತ್ತು ನನ್ನ ಮನಸ್ಸು ಸರಿ ಇರಲಿಲ್ಲ. ಕಾಲ ಬುಡದಲ್ಲಿ ಚೀಲ, ಚೀಲದಲ್ಲಿ ಪೇಪರು ಸುತ್ತಿದ ಒಂದು ಉಪ್ಪಿನಕಾಯಿ ಬಾಟಲಿ. ಹೊರಟದ್ದು ತವರಿಗೆ. ಅಲ್ಲಿ ನನ್ನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ನನ್ನ ಹತ್ತಿರ ಮಾತು ಬಿಟ್ಟು ಒಂದು ವರ್ಷವಾಗಿತ್ತು. ಮಾತು ಬಿಡಿಸಿದ್ದು ಇದೇ ಫೋನು. ಅಲ್ಲ, ಫೋನಿನ ಮೇಲೆ ಯಾಕೆ ಹಾಕಲಿ, ಬಿಡಿಸಿಕೊಂಡವಳು ನಾನು. ಆ ಕಥೆಗೆ ಬರುತ್ತೇನೆ. ಮೊದಲು ಫೋನಿನ ಮಾನ ಉಳಿಸುವುದಿದೆ.

ಇದನ್ನು ಕೊಂಡು ನಾಲ್ಕು ವರ್ಷ. ಹತ್ತು ಸಾವಿರದೊಳಗಿನ ಸರಕು. ಅಂಗಡಿಯವನು ರ‍್ಯಾಮು, ಪಿಕ್ಸೆಲ್ಲು ಎಂದು ಮಂತ್ರ ಹೇಳತೊಡಗಿದಾಗ ನಾನು ಮೂರೇ ಪ್ರಶ್ನೆ ಕೇಳಿದೆ. ಟಾರ್ಚು ಜೋರಿದೆಯಾ? ಎರಡು ಸಿಮ್ಮು ಹಿಡಿಯುತ್ತದಾ? ಬಿದ್ದರೆ ಏನಾಗುತ್ತದೆ? ಮೊದಲಿನ ಎರಡಕ್ಕೆ ಹೌದು ಎಂದ. ಮೂರನೆಯದಕ್ಕೆ ಉತ್ತರ ಹೇಳದೆ ಒಂದು ಕವರು ತೆಗೆದು ಮುಂದಿಟ್ಟ. ಪ್ರಾಮಾಣಿಕ ಮನುಷ್ಯ.

ಬಿದ್ದರೆ ಏನಾಗುತ್ತದೆ ಎಂದು ಈಗ ನಾನೇ ಹೇಳಬಲ್ಲೆ. ಏನೂ ಆಗುವುದಿಲ್ಲ. ನಾನು ಶಿರಸಿಯಲ್ಲಿ ಹೆಂಗಸರಿಗೆ ಹೊಲಿಗೆ ಕ್ಲಾಸು ನಡೆಸುವವಳು. ಹೊಲಿಗೆ ಮಶೀನು ನಡುಗಿದ ಹಾಗೆಲ್ಲ ಫೋನು ಜಾರುತ್ತ ಜಾರುತ್ತ ಟೇಬಲ್ಲಿನ ಅಂಚಿಗೆ ಹೋಗಿ ಧೊಪ್ಪೆಂದು ಬೀಳುತ್ತದೆ. ದಿನಕ್ಕೆರಡು ಸಲವಾದರೂ ಈ ಸೇವೆ ಉಂಟು. ಒಮ್ಮೆ ಸೀರೆಗೆ ಗಂಜಿ ಹಾಕುವ ಬಕೆಟ್ಟಿಗೇ ಬಿತ್ತು. ಎರಡು ದಿನ ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟೆ. ಮೂರನೆಯ ದಿನ ಎದ್ದು ಕೂತಿತು. ಅಂದಿನಿಂದ ಸ್ಪೀಕರಿನ ದನಿ ಮಾತ್ರ ಸ್ವಲ್ಪ ಮೂಗಿನಲ್ಲಿ. ನನ್ನ ನೆಂಟರೆಲ್ಲ ಮೂರು ವರ್ಷದಿಂದ ನೆಗಡಿಯಾದವರಂತೆ ಮಾತಾಡುತ್ತಿದ್ದಾರೆ. ಕೇಳಿ ಕೇಳಿ ರೂಢಿಯಾಗಿದೆ. ಎದುರಿಗೆ ಸಿಕ್ಕು ಸರಿಯಾಗಿ ಮಾತಾಡಿದರೆ ನನಗೆ ಗುರುತು ಹತ್ತುವುದು ತಡ.

ಹಾಗೆಂದು ದೋಷವೇ ಇಲ್ಲ ಎಂದರೆ ನೀವು ನಗುತ್ತೀರಿ. ಒಂದು ಕೆಲಸ ಹೇಳಿದರೆ ಯೋಚನೆಗೆ ಕೂರುತ್ತದೆ. ಅದು ಯೋಚಿಸಿ ಮುಗಿಸುವಷ್ಟರಲ್ಲಿ ನಾನೊಂದು ಲಂಗದ ಅಂಚು ಮಡಚಿ ಹೊಲಿದಿರುತ್ತೇನೆ. ದೇವರ ಮುಂದೆ ದೀಪ ಹಚ್ಚಿ ಸ್ತೋತ್ರ ಹಾಕಿದರೆ ನಡುವೆ ಬನಿಯನ್ನಿನ ಜಾಹೀರಾತು. ದೀಪದ ಬೆಳಕಿನಲ್ಲಿ ಫೋಟೋ ತೆಗೆದರೆ ಇದ್ದವರೆಲ್ಲ ಗೋಡೆಗೆ ತೂಗುಹಾಕಿದ ಹಿರಿಯರ ಹಾಗೆ ಕಾಣುತ್ತಾರೆ. ಮುಖ ಚೆಂದ ಮಾಡುವ ಒಂದು ಗುಂಡಿ ಇದೆ, ಅದರ ಸುದ್ದಿ ತೆಗೆಯದಿರುವುದೇ ವಾಸಿ. ಅರವತ್ತಾರರ ಅತ್ತಿಗೆಯ ಫೋಟೋ ಅದರಲ್ಲಿ ತೆಗೆದು ತೋರಿಸಿದಾಗ, "ಇದ್ಯಾರ ಮನೆ ಕೂಸೇ, ಇಷ್ಟು ಪೌಡರ್ ಬಳ್ಕಂಡಿದ್ದು?" ಎಂದು ಕೇಳಿದ್ದಳು. ಬೆರಳು ಒತ್ತಿದರೆ ತೆರೆಯುತ್ತದೆ ಎನ್ನುತ್ತಾರೆ. ತೆರೆಯುತ್ತದೆ, ಆದರೆ ಮಾವಿನ ಸೊನೆ ತಾಗಿ ಬೆರಳ ತುದಿ ಸುಲಿದರೆ ಎಂಟು ದಿನ ನನ್ನನ್ನು ಯಾರೋ ಅನ್ನುತ್ತದೆ.

ನಮ್ಮ ಮನೆಯವರ ಫೋನು ಇದಕ್ಕಿಂತ ಐದು ಪಟ್ಟು ದುಬಾರಿ, ನಿವೃತ್ತಿಯಾದಾಗ ಅವರು ತಾವೇ ತಮಗೆ ಕೊಡಿಸಿಕೊಂಡದ್ದು. ಅದಕ್ಕೊಂದು ಮೆತ್ತನೆಯ ಚೀಲ, ಚೀಲಕ್ಕೊಂದು ಜಿಪ್ಪು. "ಇದು ಸೂಕ್ಷ್ಮ" ಎನ್ನುತ್ತಾರೆ. ಅಡುಗೆಮನೆಗೆ ತರುವ ಹಾಗಿಲ್ಲ, ಒಗರು ಸೊನೆಯ ಕೈಯಲ್ಲಿ ಮುಟ್ಟುವ ಹಾಗಿಲ್ಲ. ಸಂಜೆ ಹೊತ್ತಿಗೆ ಚಾರ್ಜು ಮುಗಿದು ಮಲಗಿರುತ್ತದೆ. ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟಿಲ್ಲದಾಗ ಮನೆಯಲ್ಲಿ ಉಸಿರಾಡುವುದು ನನ್ನ ಫೋನೊಂದೇ. ಆಗ ಅವರು ಬಂದು, "ಸ್ವಲ್ಪ ಕೊಡು, ಹವಾಮಾನ ನೋಡ್ತೆ" ಎನ್ನುತ್ತಾರೆ. ನಾನು ಕೊಡುತ್ತೇನೆ, ಆದರೆ ಸ್ವಲ್ಪ ಕಾಯಿಸಿ ಕೊಡುತ್ತೇನೆ. ಎರಡು ಸಿಮ್ಮಿನ ಉಪಕಾರವನ್ನಂತೂ ಮರೆಯುವ ಹಾಗಿಲ್ಲ. ಒಂದು ಶಿರಸಿಗೆ, ಇನ್ನೊಂದು ತವರಿಗೆ. ತವರಲ್ಲಿ ಅದರ ಸಿಗ್ನಲ್ಲು ಸಿಗುವುದು ಕೊಟ್ಟಿಗೆಯ ಬಾಗಿಲಲ್ಲಿ ಮಾತ್ರ, ಹಾಗಾಗಿ ಅಣ್ಣನ ಮನೆಯ ದನಗಳಿಗೆ ನಮ್ಮ ಸಂಸಾರದ ಸಮಾಚಾರವೆಲ್ಲ ಗೊತ್ತು.

ನಾನು ಸಣ್ಣವಳಿದ್ದಾಗ ಊರಿಗೆಲ್ಲ ಇದ್ದದ್ದು ಒಂದು ಫೋನು, ಸೊಸೈಟಿಯಲ್ಲಿ, ಬೀಗ ಹಾಕಿದ ಮರದ ಪೆಟ್ಟಿಗೆಯೊಳಗೆ. ಅದರಲ್ಲಿ ಮಾತಾಡುವವರು ಎಷ್ಟು ಜೋರಾಗಿ ಕೂಗುತ್ತಿದ್ದರು ಎಂದರೆ, ಆ ಕಡೆಯವರಿಗೆ ತಂತಿಯ ಅಗತ್ಯವೇ ಇರಲಿಲ್ಲ. ಯಾರ ಮನೆಯಲ್ಲಿ ಹೆರಿಗೆ, ಯಾರಿಗೆ ಹುಡುಗಿ ಒಪ್ಪಿಗೆಯಾಗಲಿಲ್ಲ ಎಲ್ಲವೂ ಅಕ್ಕಿ ಸಕ್ಕರೆಯ ಜತೆ ಮನೆಮನೆಗೆ ಹೋಗುತ್ತಿತ್ತು. ಅದಕ್ಕೇ ಇರಬೇಕು, ನಿಜವಾಗಿ ಮುಚ್ಚಿಡಬೇಕಾದ್ದನ್ನು ನಮ್ಮವರು ಬಾಯಿಗೇ ತರುತ್ತಿರಲಿಲ್ಲ. ಅಂಥದ್ದರಲ್ಲಿ ಮೊದಲನೆಯದು ಮಿಡಿಮರ.

ಅಪ್ಪೆಮಿಡಿಯ ವಿಷಯ ನಿಮಗೆ ಗೊತ್ತಿರಬಹುದು. ಹೊಳೆಯಂಚಿನ ಕಾಡುಮಾವಿನ ಎಳೆಗಾಯಿ. ಉಪ್ಪಿನಕಾಯಿಗೆಂದೇ ಹುಟ್ಟಿದ್ದು. ಒಂದು ಮರದ ಮಿಡಿಗೆ ಜೀರಿಗೆಯ ಪರಿಮಳ, ಇನ್ನೊಂದರದ್ದಕ್ಕೆ ಕರ್ಪೂರದ್ದು, ಮತ್ತೊಂದಕ್ಕೆ ಯಾವ ವಾಸನೆಯೂ ಇಲ್ಲದೆ ಬರೀ ಹುಳಿ. ಒಂದು ಮರದ ಹಾಗೆ ಮತ್ತೊಂದಿಲ್ಲ. ನನ್ನ ತವರಿನ ಮಿಡಿ ಕರ್ಪೂರದ್ದು. ಮರ ನಮ್ಮ ಜಮೀನಿನಲ್ಲಿಲ್ಲ, ಯಾವ ಕಾಗದದಲ್ಲೂ ನಮ್ಮ ಹೆಸರಿಗಿಲ್ಲ. ಎಲ್ಲಿದೆ ಎಂದು ನಮ್ಮ ತವರಿನವರಿಗೆ ಗೊತ್ತು, ಬೇರೆಯವರಿಗೆ ಗೊತ್ತಿಲ್ಲ, ಅಷ್ಟೇ ನಮ್ಮ ಹಕ್ಕು.

ತವರಿನವರಿಗೆ ಎಂದೆನಲ್ಲ, ಅದರಲ್ಲೊಂದು ಗಂಟಿದೆ. ಆ ಮರವನ್ನು ತೋರಿಸುತ್ತಿದ್ದದ್ದು ಸೊಸೆಯರಿಗೆ ಮಾತ್ರ. ಉಪ್ಪಿಗೆ ಹಾಕುವ ಕ್ರಮ ಹೇಳಿಕೊಡುತ್ತಿದ್ದದ್ದೂ ಅವರಿಗೇ. ಹೆಣ್ಣುಮಕ್ಕಳಿಗೆ ಎರಡೂ ಇಲ್ಲ. "ಸೊಸೆ ಉಳಿತು, ಮಗಳು ಹೋಗ್ತು" ಎಂದು ಅಜ್ಜಿ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. ಮಗಳು ಹೋಗುವಾಗ ಗುಟ್ಟನ್ನೂ ಕಟ್ಟಿಕೊಂಡು ಹೋಗುತ್ತಾಳೆ ಎಂಬ ಭಯ. ನನಗೆ ಹತ್ತು ವರ್ಷವಿದ್ದಾಗ ಒಂದು ಬೆಳಿಗ್ಗೆ ಅಜ್ಜಿ ಮತ್ತು ಆಯಿ, ಅಂದರೆ ನನ್ನ ಅಮ್ಮ, ಬಟ್ಟೆಚೀಲ ಹಿಡಿದು ಹಿತ್ತಲ ದಾರಿಯಲ್ಲಿ ಹೊರಟದ್ದು ಕಂಡು ಹಿಂದೆಯೇ ಹೋದೆ. ದಣಪೆಯ ಹತ್ತಿರ ಸಿಕ್ಕಿಬಿದ್ದೆ. ದಣಪೆ ಅಂದರೆ ದನ ನುಗ್ಗದಂತೆ ಬೇಲಿಗೆ ಅಡ್ಡ ಹಾಕುವ ಗಳ. ಅಜ್ಜಿ ಬೈಯಲಿಲ್ಲ. ಸೊಂಟದಿಂದ ಬೆಲ್ಲದ ಚೂರು ತೆಗೆದು ಕೊಟ್ಟು, "ಕೂಸೇ, ದಣಪೆ ಕಾಯವು. ಎಂಗ ಬಪ್ಪವರೆಗೆ ಇಲ್ಲಿಂದ ಏಳಲಾಗ" ಎಂದಳು. ನನ್ನ ಮೇಲೆ ಎಂಥ ಜವಾಬ್ದಾರಿ ಬಿತ್ತು ಎಂದು ಹಿಗ್ಗಿ ಎರಡು ತಾಸು ಕಾದೆ. ಒಂದು ದನವೂ ಬರಲಿಲ್ಲ. ನನ್ನನ್ನು ಕಟ್ಟಿಹಾಕಿದ್ದು ಎಂದು ಹೊಳೆಯಲು ಎಷ್ಟೋ ವರ್ಷ ಬೇಕಾಯಿತು.

ಅತ್ತಿಗೆ ಯಲ್ಲಾಪುರದ ಕಡೆಯಿಂದ ಸೊಸೆಯಾಗಿ ಬಂದಳು. ಬಂದು ಎಂಟು ದಿನಕ್ಕೆ ಆಯಿ ಅವಳನ್ನು ಹೊಳೆಗೆ ಕರೆದೊಯ್ದಳು. ನನಗಾಗ ಹದಿನೇಳು. ನಿನ್ನೆ ಮೊನ್ನೆ ಬಂದವಳಿಗೆ ಮರ, ಹುಟ್ಟಿ ಬೆಳೆದವಳಿಗೆ ಬೆಲ್ಲದ ಚೂರು. ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ಹಿಂದಿನ ವರ್ಷದ ಮಿಡಿ ಉಪ್ಪಿನಕಾಯಿ ಬಡಿಸಿದರು, ಮರ್ಯಾದೆ ಬಿಟ್ಟು ಉಂಡೆ. ಮದುವೆಯಾಗಿ ಶಿರಸಿಗೆ ಬಂದ ಮೇಲೆ ವರ್ಷ ವರ್ಷ ಅತ್ತಿಗೆ ಒಂದು ಜಾಡಿ ಕಳಿಸುತ್ತಿದ್ದಳು. ಒಂದು ವರ್ಷವೂ ತಪ್ಪಿಸಲಿಲ್ಲ. ಆಯಿ ಹೋದ ಮೇಲೂ ತವರು ಇದೆ ಅಂತ ನನಗೆ ಅನ್ನಿಸುತ್ತಿದ್ದದ್ದು ಆ ಜಾಡಿ ಬಂದಾಗ.

ಕಳೆದ ವರ್ಷ ಮಿಡಿ ಹೊತ್ತಿಗೆ ಅತ್ತಿಗೆಯ ಫೋನು ಬಂತು. ಅವಳ ಮಂಡಿ ಪೂರ್ತಿ ಕೈಕೊಟ್ಟಿತ್ತು.

"ತಂಗೀ, ಎಂಗೆ ಹೊಳೆಗೆ ಇಳಿಯಲಾಗ್ತಿಲ್ಲೆ. ಮಿಡಿ ಬೆಳದ್ದಾ ನೋಡವು. ನಿನ್ನ ಫೋನು ತಗಂಡು ಬಾ, ಪಟ ತೆಗೆದು ತೋರಿಸಲಕ್ಕು."

"ಆನಾ?" ಎಂದೆ. ಮನೆಮಗಳು ನಾನಾ?

"ಮತ್ಯಾರು?" ಎಂದಳು.

ಮಿಡಿ ಕೊಯ್ಯುವುದಕ್ಕೆ ನಾಲ್ಕೈದು ದಿನದ ಅವಧಿ. ಮೊದಲಾದರೆ ಉಪ್ಪಿನಲ್ಲಿ ಕರಗುತ್ತದೆ, ತಡವಾದರೆ ಗೊರಟು ಕಟ್ಟುತ್ತದೆ. ಹತ್ತಿ ಕೊಯ್ಯಲು ಜನ ಬೇಕಲ್ಲ, ಹಾಗಾಗಿ ಮರ ಹತ್ತುವ ತಿಮ್ಮಣ್ಣನಿಗೆ ಜಾಗ ಗೊತ್ತಿತ್ತು, ಅವನ ಅಪ್ಪನಿಗೂ ಗೊತ್ತಿತ್ತು. ಆದರೆ ಹದ ನೋಡುವ ಕೆಲಸವನ್ನು ಅತ್ತಿಗೆ ಅವನಿಗೆ ಬಿಡುವವಳಲ್ಲ. ನನ್ನ ಕೈಗೊಂದು ಬೆಂಕಿಕಡ್ಡಿ ಕೊಟ್ಟು, "ಮಿಡಿ ಪಕ್ಕಕ್ಕೆ ಇದನ್ನಿಟ್ಟು ಪಟ ತೆಗಿ. ನಿನ್ನ ಫೋನಲ್ಲಿ ಎಲ್ಲ ದೊಡ್ಡ ಕಾಣ್ತು" ಎಂದಳು. ಮೂರು ವರ್ಷ ಕೈಯಲ್ಲಿ ಹಿಡಿದ ನನಗೆ ಹೊಳೆಯದ ಉಪಾಯ ಅದು.

ತಿಮ್ಮಣ್ಣನ ಹಿಂದೆ ನಡೆದೆ. ದಣಪೆ ದಾಟಿ ಇಪ್ಪತ್ತು ನಿಮಿಷವೂ ಆಗಲಿಲ್ಲ. "ಇದೇಯಾ ಅಮ್ಮಾ" ಎಂದ. ಹೊಳೆಯ ಮೇಲೆ ವಾಲಿದ ಒಂದು ಸಾದಾ ಮರ. ಇಷ್ಟೇನಾ ಅನ್ನಿಸಿತು. ಎಲೆಯೊಂದನ್ನು ಹರಿದು ಮೂಗಿಗೆ ಹಿಡಿದೆ. ನಮ್ಮನೆ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿಯಿಡುವ ನಾಗಂದಿಗೆಯ ಹತ್ತಿರ ನಿಂತ ಹಾಗಾಯಿತು, ಅಜ್ಜಿ, ಆಯಿ ಇಬ್ಬರೂ ಅಲ್ಲೇ ಇದ್ದ ಹಾಗೆ. ತಿಮ್ಮಣ್ಣ ಬೇರೆ ಕಡೆ ನೋಡುತ್ತ ಬೀಡಿ ಹಚ್ಚಿದ, ಒಳ್ಳೆಯವನು. ನಾನು ಕಣ್ಣೊರೆಸಿಕೊಂಡು ಮಿಡಿಗೊಂಚಲನ್ನು ಬಂಡೆಯ ಮೇಲಿಟ್ಟು, ಬೆಂಕಿಕಡ್ಡಿ ಇಟ್ಟು, ಫೋಟೋ ತೆಗೆದೆ. ಅತ್ತಿಗೆ ನೋಡಿ, ಇನ್ನು ನಾಲ್ಕು ದಿನ ಎಂದಳು. ನಾಲ್ಕನೆಯ ದಿನ ಮತ್ತೆ ಹೋಗಿ ತೆಗೆದೆ. ಬಿಸಿಲಿದ್ದರೆ ನನ್ನ ಫೋನಿನ ಕ್ಯಾಮೆರಾದ ಮುಂದೆ ಯಾವ ದುಬಾರಿ ಫೋನೂ ನಿಲ್ಲುವುದಿಲ್ಲ, ಪಂಥ ಕಟ್ಟುತ್ತೇನೆ. ಕರಿಬಂಡೆ, ಒಂಬತ್ತು ಹಸಿರು ಮಿಡಿ, ಹಿಂದೆ ಹೊಳೆಯ ನೀರು. ಅತ್ತಿಗೆ ಗಾಜಿನ ಮೇಲೆ ಬೆರಳಿಟ್ಟು ಕಡ್ಡಿ ಅಳೆದು, "ನಾಡಿದ್ದು ಕೊಯ್ಯಲಕ್ಕು" ಎಂದಳು.

ಶಿರಸಿಗೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಫೋಟೋವನ್ನು ಎಷ್ಟು ಸಲ ನೋಡಿದೆನೋ. ಐವತ್ತೇಳು ವರ್ಷಕ್ಕೆ ಕಂಡ ಮರ. ತಡೆಯಲಾಗಲಿಲ್ಲ. "ನನ್ನ ತವರಿನ ಮಿಡಿ" ಎಂದು ಬರೆದು ಸ್ಟೇಟಸ್ಸಿಗೆ ಹಾಕಿದೆ. ಎಲ್ಲಿಯ ಮಿಡಿ ಎಂದು ಬರೆದೆನೇ? ಇಲ್ಲ. ಅಷ್ಟು ದಡ್ಡಿಯಲ್ಲ ನಾನು ಎಂದುಕೊಂಡೆ.

ಈಗ ನನ್ನ ದಡ್ಡತನ ಕೇಳಿ. ಹೊಲಿಗೆ ಕ್ಲಾಸು ದಿನಾ ನಡೆಯುತ್ತದೆ ಎಂಬುದಕ್ಕೆ ಅನುದಾನ ಕೊಡುವ ಮೇಲಿನವರಿಗೆ ಫೋಟೋ ಕಳಿಸಬೇಕು, ಆ ಫೋಟೋದ ಬುಡದಲ್ಲಿ ತಾರೀಕು, ಊರು, ಜಾಗದ ಅಂಕಿ, ಸಣ್ಣ ನಕ್ಷೆ ಎಲ್ಲ ಮೂಡಿರಬೇಕು. ಅದಕ್ಕೆ ಬೇರೆಯೇ ಒಂದು ಕ್ಯಾಮೆರಾ ಹಾಕಿಸಿಕೊಂಡಿದ್ದೆ. ಕೈಗೆ ಅದೇ ರೂಢಿ. ಹೊಳೆಯ ದಂಡೆಯಲ್ಲೂ ಹೆಬ್ಬೆರಳು ಅದನ್ನೇ ಒತ್ತಿತ್ತು. ಬುಡದ ಪಟ್ಟಿಯನ್ನು ನಾನು ನೋಡುವುದು ಬಿಟ್ಟೇ ಎಷ್ಟೋ ಕಾಲವಾಗಿತ್ತು. ಅದರ ಮೇಲೆ ನನ್ನ ಫೋನು ಜಾಗದ ವಿಷಯದಲ್ಲಿ ಮಹಾ ಸುಳ್ಳುಗಾರ. ನಮ್ಮ ಕ್ಲಾಸನ್ನು ಯಾವಾಗಲೂ ಪಕ್ಕದ ಬೀದಿಯ ಕಲ್ಯಾಣಮಂಟಪದಲ್ಲಿ ತೋರಿಸುತ್ತದೆ, ಅದಕ್ಕೊಮ್ಮೆ ನಾನು ಲಿಖಿತ ಸಮಜಾಯಿಷಿ ಕೊಟ್ಟದ್ದೂ ಇದೆ. ಆದರೆ ಹೊಳೆಯ ಮೇಲೆ ಆಕಾಶ ಬಟಾಬಯಲು. ಜನ್ಮದಲ್ಲಿ ಒಂದು ಸಲ ಅದು ಸತ್ಯ ಹೇಳಿತು, ಮರದ ಬುಡಕ್ಕೇ ಬೊಟ್ಟಿಟ್ಟಿತು.

ಕೊಯ್ಯುವ ದಿನ ಬೆಳಿಗ್ಗೆ ತಿಮ್ಮಣ್ಣ ಹಗ್ಗ, ಚೀಲ ಹಿಡಿದು ಹೋದವನು ಬರಿಗೈಯಲ್ಲಿ ಬಂದ. ಅಂಗಳದಲ್ಲಿ ನಿಂತು, "ಕೊಯ್ದದ್ದಲ್ಲ ಅಮ್ಮಾ, ಸವರಿದ್ದು. ನಾಕು ಕೊಂಬೆ ಮುರ್ದು ಹಾಕಾರೆ" ಎಂದನಂತೆ. ಅದೇ ಹೊತ್ತಿಗೆ ನನಗೆ ದೂರದ ನೆಂಟಳೊಬ್ಬಳ ಮೆಸೇಜು, "ಜಾಗ ಸಮೇತ ಹಾಕಿದ್ದು ಉಪಕಾರ ಆತು, ಮಿಡಿ ಲಾಯ್ಕಿದ್ದು." ಆಗ ಫೋಟೋದ ಬುಡ ನೋಡಿದೆ. ನಕ್ಷೆ, ಅಂಕಿ ಎಲ್ಲ ಅಲ್ಲೇ ಕೂತಿತ್ತು. ನನ್ನ ಸ್ಟೇಟಸ್ಸನ್ನು ಯಾರ‍್ಯಾರೋ ಉಳಿಸಿಕೊಂಡು ಅಡುಗೆ ಗ್ರೂಪು, ತೋಟದ ಗ್ರೂಪು ಎಂದು ಸಿದ್ದಾಪುರದವರೆಗೆ ದಾಟಿಸಿದ್ದರು. ಸೊಸೈಟಿಯ ಫೋನಿನಲ್ಲಿ ಕೂಗಿದ್ದರೂ ಇಷ್ಟು ದೂರ ಕೇಳುತ್ತಿರಲಿಲ್ಲ.

ಮುಖ ತಪ್ಪಿಸಿಕೊಳ್ಳುವುದು ಸರಿಯಲ್ಲ ಎಂದು ಅವತ್ತೇ ಬಸ್ಸು ಹಿಡಿದೆ. ಅತ್ತಿಗೆ ಈಳಿಗೆಮಣೆಯ ಮುಂದೆ ಬಾಳೆಕಾಯಿ ಹೆಚ್ಚುತ್ತಿದ್ದಳು. ನಾನು ಆದದ್ದನ್ನೆಲ್ಲ ಹೇಳಿದೆ. ಅವಳು ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಕಡೆಗೆ, "ಮಗಳಿಗೆ ಹೇಳಲಾಗ ಹೇಳಿ ಅತ್ತೆ ಹೇಳಿತ್ತು" ಎಂದಳು. ಅಷ್ಟೇ. ಅವಳ ಅತ್ತೆ ಎಂದರೆ ನನ್ನ ಆಯಿ, ಹೇಳಬಾರದು ಎಂದ ಮಗಳು ನಾನು. ಬೈದಿದ್ದರೆ ನಾನೂ ತಿರುಗಿ ಏನಾದರೂ ಅಂದು ಹಗುರಾಗುತ್ತಿದ್ದೆ.

ದಣಪೆಯವರೆಗೆ ಕಳಿಸಲು ಬಂದ ಅಣ್ಣ ಹೇಳಿದ. "ಅದು ನಿನ್ನ ಫೋನು ನೋಡಿ ಕರೆದದ್ದಲ್ಲ, ತಂಗಿ. ಶ್ರೀಪಾದಂಗೆ ಹೆಣ್ಣು ಹುಡುಕಲೆ ಹಿಡಿದು ಹತ್ತು ವರ್ಷ ಆತು. ತೋಟದಲ್ಲಿಪ್ಪ ಮಾಣಿಗೆ ಯಾರೂ ಕೊಡ್ತ್ವಿಲ್ಲೆ. ಸೊಸೆ ಬಂದಿದ್ರೆ ಸೊಸೆಗೆ ತೋರಿಸ್ತಿತ್ತು. ಇನ್ನು ಯಾರಿಗೆ ಹೇಳದು ಹೇಳಿ, ನಿಂಗೆ ಹೇಳ್ತು." ಅದು ಎಂದರೆ ಅತ್ತಿಗೆ, ನಮ್ಮ ಮಾತಿನಲ್ಲಿ ಹೆಂಗಸರೆಲ್ಲ ಅದು. ಶ್ರೀಪಾದ ಅವರ ಒಬ್ಬನೇ ಮಗ, ಮೂವತ್ತಾರಾಯಿತು. ಅತ್ತಿಗೆ ಹತ್ತು ವರ್ಷ ಬಾರದ ಸೊಸೆಗಾಗಿ ಇಟ್ಟುಕೊಂಡಿದ್ದದ್ದನ್ನು ನಾನು ನಾಲ್ಕು ದಿನದಲ್ಲಿ ಊರಿಗೆಲ್ಲ ಡಂಗುರ ಹೊಡೆದಿದ್ದೆ. ಬಸ್ಸಿನಲ್ಲಿ ಅತ್ತುಬಿಟ್ಟೆ. ಕಂಡಕ್ಟರು ಟಿಕೆಟ್ಟು ಕೇಳಲು ಎರಡು ಸಲ ಬಂದು ಹಿಂದೆ ಹೋದ.

ಆ ವರ್ಷ ಜಾಡಿ ಬರಲಿಲ್ಲ. ಫೋನು ಮಾಡಿದರೆ ಅಣ್ಣ ಎತ್ತುತ್ತಿದ್ದ, ಅತ್ತಿಗೆ ಕೊಟ್ಟಿಗೆಯಲ್ಲಿದ್ದಾಳೆ ಎನ್ನುತ್ತಿದ್ದ. ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಹೇಳುತ್ತಿದ್ದ, ಪಾಪ. ನಾನು ಫೋನಿನ ಮೇಲೆ ಸಿಟ್ಟು ತೀರಿಸಿಕೊಳ್ಳಲು ಅದನ್ನು ಕಪಾಟಿನಲ್ಲಿ ಸೀರೆಗಳ ಅಡಿಗೆ ಹಾಕಿ ಮೂರು ದಿನ ತೆಗೆಯಲಿಲ್ಲ. ಮೂರನೆಯ ದಿನವೂ ಅಲ್ಲಿಂದಲೇ ಮೂಗಿನಲ್ಲಿ ಹಾಡಿತು. ಚಾರ್ಜು ಇನ್ನೂ ಕಾಲುಭಾಗ ಉಳಿದಿತ್ತು. ಇಂಥದರ ಮೇಲೆ ಎಷ್ಟು ದಿನ ಸಿಟ್ಟು ಮಾಡಲಾಗುತ್ತದೆ? ಹೇಳಿದ್ದನ್ನು ಮಾಡಿತ್ತು, ಹೇಳಿದವಳು ನಾನು. ಮಾಡಿದ್ದುಣ್ಣೋ ಮಾರಾಯ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಈ ವರ್ಷ ಮಾವು ಹೂಬಿಟ್ಟ ಮೇಲೆ ಒಂದು ದಿನ ಗುರುತಿಲ್ಲದ ನಂಬರಿನಿಂದ ಧ್ವನಿಸಂದೇಶ ಬಂತು. ಹೆಸರು ವಿನುತಾ, ಸಿದ್ದಾಪುರದ ಕಡೆಯ ಮನೆಯ ಸೊಸೆ. ಫೋಟೋ ಮೂಲದಲ್ಲಿ ಯಾರದ್ದೆಂದು ವಿಚಾರಿಸುತ್ತ ವಿಚಾರಿಸುತ್ತ ನನ್ನ ನಂಬರು ಹಿಡಿದಿದ್ದಳು. ಅದಾಗಿ ಎರಡು ದಿನಕ್ಕೆ ಶಿರಸಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಬಾಟಲಿ ಉಪ್ಪಿನಕಾಯಿ ಕಳಿಸಿದಳು. ಆ ಸಂದೇಶವನ್ನು ನಾನು ಅಡುಗೆಮನೆಯಲ್ಲಿ ನಿಂತು ಮತ್ತೊಮ್ಮೆ ಪೂರ್ತಿ ಕೇಳಿದೆ. ಕೇಳಿ, ಏನಾದರಾಗಲಿ ಎಂದು ಬಾಟಲಿ, ಫೋನು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆ.

ಅತ್ತಿಗೆ ಜಗಲಿಯಲ್ಲಿ ಕಾಲು ಚಾಚಿ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. "ಬಾ" ಎಂದಳು. ಬಂದವರಿಗೆಲ್ಲ ಹೇಳುವ ಬಾ. ನಾನು ಹೆಚ್ಚು ಮಾತಾಡದೆ ಬಾಟಲಿಯ ಮುಚ್ಚಳ ತೆಗೆದು ಮುಂದಿಟ್ಟೆ. ಮೂಸಿದಳು. ಹುಬ್ಬು ಮೇಲೇರಿತು. ಒಂದು ಮಿಡಿ ತೆಗೆದು ಮೋಟು ತೊಟ್ಟು ಹಿಡಿದು ಕಚ್ಚಿದಳು.

"ನಮ್ಮನೆ ಮರದ್ದು."

"ಹೌದು."

"ತೊಟ್ಟು ಇಟ್ಟು ಕೊಯ್ದಿದ್ದು. ಉಪ್ಪು ಕಮ್ಮಿ ಆಜು. ಯಾರದ್ದಿದು?"

ನಾನು ಫೋನು ತೆಗೆದು ಸಂದೇಶ ಹಾಕಿದೆ. ನನ್ನ ಫೋನಿನ ಸ್ಪೀಕರು ಮೂಗಿನದಾದರೂ ಸಣ್ಣ ದನಿಯದಲ್ಲ. ಜಗಲಿಯಿಂದ ಕೊಟ್ಟಿಗೆಯವರೆಗೆ ಕೇಳಿತು. "ನಮಸ್ಕಾರ ಅಕ್ಕ, ಆನು ವಿನುತಾ. ಹೋದ ವರ್ಷ ಆ ಮರದ ಮಿಡಿ ಕೊಯ್ದವರಲ್ಲಿ ಎಂಗನೂ ಇದ್ಯ. ಮರಕ್ಕೆ ಮನೆಯವ್ವು ಇದ್ದ ಹೇಳಿ ಗೊತ್ತಿತ್ತಿಲ್ಲೆ, ತಪ್ಪಾತು. ಕೊಂಬೆ ಎಂಗ ಮುರಿದದ್ದಲ್ಲ ಅಕ್ಕ. ಮಿಡಿ ಹಾಕಿದಾಗ ಎಷ್ಟು ಪರಿಮಳ ಇತ್ತು, ಮೂರು ತಿಂಗ್ಳಿಗೆ ಮುಕ್ಕಾಲು ಹೋತು. ಎಲ್ಲಿ ತಪ್ಪಿದ್ದು ಹೇಳಿ ತಿಳೀತಿಲ್ಲೆ. ಕೇಳನ ಅಂದ್ರೆ ನಮ್ಮನೇಲಿ ಅತ್ತೆ ಇಲ್ಲೆ, ಆನು ಬಪ್ಪದ್ರೊಳಗೇ ಹೋಗಿತ್ತು. ನಿಂಗಳ ಮನೇಲಿ ಯಾರಿಗಾದ್ರೂ ಗೊತ್ತಿದ್ರೆ ಹೇಳ್ತ್ರ?"

ಅತ್ತಿಗೆ ಎಣ್ಣೆಯ ಕೈಯನ್ನು ಮಂಡಿಯ ಮೇಲೇ ಇಟ್ಟುಕೊಂಡು ಕೂತಿದ್ದಳು. "ಇನ್ನೊಂದ್ಸಲ ಹಾಕು" ಎಂದಳು. ಹಾಕಿದೆ. ಮೂರನೆಯ ಸಲವೂ ಹಾಕಿಸಿದಳು. ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು, "ಅದಕ್ಕೆ ಹೇಳವು. ಇದ್ರಲ್ಲಿ ಎಲ್ಲಿ ಮಾತಾಡದು?" ಎಂದು ಕೇಳಿದಳು. ನಾನು ಗುಂಡಿ ಒತ್ತಿ ಅವಳ ಬಾಯಿಯ ಹತ್ತಿರ ಹಿಡಿದೆ.

ಹತ್ತು ನಿಮಿಷ ಹೇಳಿದಳು. ಮಿಡಿ ತೊಳೆಯಬಾರದು, ಒರೆಸಬೇಕು. ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಮುರುಟಿದ ಮೇಲೆ ಅದೇ ಉಪ್ಪುನೀರಲ್ಲಿ ಸಾಸಿವೆ ಅರೆಯಬೇಕು. ಕೈ ಒದ್ದೆ ಇರಬಾರದು. ಹೇಳಿ ಮುಗಿಸಿ, "ಆತು" ಎಂದಳು. ಕಳಿಸಲೆಂದು ನೋಡಿದರೆ ಫೋನು ಯೋಚನೆಗೆ ಕೂತಿತ್ತು. ಯೋಚಿಸಿ ಯೋಚಿಸಿ, ಜಾಗ ಸಾಲದು ಎಂದು ಒಂದು ಸಾಲು ತೋರಿಸಿತು. ಹತ್ತು ನಿಮಿಷದ ಮಾತು ಒಂದಕ್ಷರವೂ ಉಳಿದಿರಲಿಲ್ಲ.

ಒಂದು ವರ್ಷಕ್ಕೆ ಬಾಯಿಬಿಟ್ಟವಳು, ಮತ್ತೆ ಬಿಡುತ್ತಾಳೋ ಇಲ್ಲವೋ.

"ಹೋತಾ?" ಎಂದಳು ಅತ್ತಿಗೆ.

"ಹೋತು. ತಡಿ ಅತ್ತಿಗೆ, ಜಾಗ ಮಾಡ್ತೆ."

ಅಲ್ಲೇ ಕೂತು ಅಳಿಸತೊಡಗಿದೆ. ನಾಲ್ಕು ವರ್ಷದ ಹೊಲಿಗೆ ಕ್ಲಾಸಿನ ಹಾಜರಿ ಫೋಟೋಗಳು, ಕಲ್ಯಾಣಮಂಟಪದ ನಕ್ಷೆ ಸಮೇತ. ಶುಭೋದಯದ ಗುಲಾಬಿ ಹೂಗಳು. ನಮ್ಮ ಮನೆಯವರು ದಿನಾ ಕಳಿಸುವ ಆರೋಗ್ಯದ ವಿಡಿಯೋಗಳು, ಒಂದನ್ನೂ ನೋಡಿರಲಿಲ್ಲ. ಕಡೆಗೆ ಹೊಳೆಯ ಬಂಡೆಯ ಮೇಲಿನ ಆ ಫೋಟೋವೂ ಬಂತು. ಅದನ್ನೂ ಅಳಿಸಿದೆ. ಅತ್ತಿಗೆ ಅಷ್ಟು ಹೊತ್ತೂ ಅಂಗಳ ನೋಡುತ್ತ ಕೂತಿದ್ದಳು. ಏನು ಯೋಚಿಸಿದಳೋ ನನಗೆ ಗೊತ್ತಿಲ್ಲ.

ಎರಡನೆಯ ಸಲ ಅವಳು ನೆಟ್ಟಗೆ ಕೂತಳು. "ಕೂಸೇ, ಕೇಳು" ಎಂದು ಶುರುಮಾಡಿದಳು. ಮೊದಲ ಸಲ ಆ ಕೂಸೇ ಇರಲಿಲ್ಲ. ಒರೆಸುವುದು, ಪದರ, ಹರಳುಪ್ಪು ಎಲ್ಲ ಹೇಳಿ, ಸಾಸಿವೆಗೆ ಬರುವ ಮುಂಚೆ ಒಂದು ಗಳಿಗೆ ನಿಂತಳು. ನಾನು ಹೆಬ್ಬೆರಳು ಅಲುಗಿಸಲಿಲ್ಲ.

"ನೀನು ತೊಟ್ಟು ಮುರೀವಾಗ ಸೊನೆ ಚೆಲ್ಲಿದ್ದೆ. ಕೈ ಸುಡ್ತು ಹೇಳಿ ಎಲ್ಲವೂ ಚೆಲ್ತ. ಚೆಲ್ಲಲಾಗ. ಬಟ್ಟಲಲ್ಲಿ ಉಪ್ಪುನೀರು ಇಟ್ಕಂಡು ಸೊನೆಯ ಅದ್ರಲ್ಲಿ ಹಿಡಿ. ಮುಚ್ಚಿ ಇಡು. ಖಾರ ಕಲಸ ದಿವಸ ಅದನ್ನ ಹಾಕು. ನಮ್ಮನೆ ಮರದ ಪರಿಮಳ ಇಪ್ಪದು ಸೊನೆಲಿ, ಮಿಡಿಲಿ ಅಲ್ಲ. ಇದ್ನ ಎಂಗೆ ಎನ್ನ ಅತ್ತೆ ಹೇಳಿತ್ತು, ಅದಕ್ಕೆ ಅದ್ರ ಅತ್ತೆ ಹೇಳಿತ್ತು. ಈಗ ಆನು ನಿಂಗೆ ಹೇಳಿದ್ದೆ. ಈ ವರ್ಷ ಮಿಡಿ ಬಂದಾಗ ಬಾ, ಕದ್ದು ಬಪ್ಪದು ಬ್ಯಾಡ, ಮನೆಗೇ ಬಾ."

ಮೊದಲ ಸಲದ ಹತ್ತು ನಿಮಿಷದಲ್ಲಿ ಸೊನೆಯ ಮಾತೇ ಇರಲಿಲ್ಲ. ನನಗೆ ಚೆನ್ನಾಗಿ ನೆನಪಿದೆ. ಅದು ಸರಾಗವಾಗಿ ಹೋಗಿಬಿಟ್ಟಿದ್ದರೆ ವಿನುತಾಳ ಮಿಡಿ ಮತ್ತೆ ಮೂರೇ ತಿಂಗಳಿಗೆ ಪರಿಮಳ ಕಳಕೊಳ್ಳುತ್ತಿತ್ತು. ಒಳ್ಳೆಯ ಫೋನಾಗಿದ್ದರೆ ಮೊದಲನೆಯದನ್ನೇ ಚಾಚೂ ತಪ್ಪದೆ ತಲುಪಿಸುತ್ತಿತ್ತು. ನನ್ನದು ಹಾಗಲ್ಲ. ಅದಕ್ಕೇ ಎಕ್ಸ್‌ಚೇಂಜ್ ಬೇಡ ಅಂದದ್ದು ಸರಿ ಎನ್ನುತ್ತೇನೆ ನಾನು.

ಕೊಟ್ಟಿಗೆಯ ಬಾಗಿಲಿಗೆ ಹೋಗಿ ಸಂದೇಶ ಕಳಿಸಿ ಬಂದೆ. ಅತ್ತಿಗೆ ಬಾಟಲಿಯ ಮುಚ್ಚಳ ಬಿಗಿ ಮಾಡುತ್ತಿದ್ದಳು. ನನ್ನ ಮುಖ ನೋಡದೆ ಕೇಳಿದಳು.

"ನೀನೂ ಎಲ್ಲ ಕೇಳ್ದೆ ಅಲ್ದಾ?"

"ಕೇಳ್ದೆ" ಎಂದೆ. ಗುಂಡಿ ಒತ್ತಿ ಹಿಡಿದವಳು ಕಿವಿ ಎಲ್ಲಿ ಇಡಲಿ? ಬೈಗುಳಕ್ಕೆ ತಯಾರಾಗಿ ನಿಂತೆ.

"ಹಂಗಾರೆ ಇನ್ನು ಮೇಲೆ ಆನು ಜಾಡಿ ಕಳಿಸ್ತ್ನಿಲ್ಲೆ" ಎಂದಳು ಅತ್ತಿಗೆ. "ನೀನೇ ಬಂದು ಕೊಯ್ಕಂಡು ಹೋಗು, ನೀನೇ ಹಾಕು."